ಗಡಿ ದಾಟಿದ್ದು ಗೊತ್ತಾಗಬೇಕು

ಇಪ್ಪತ್ತು ವರ್ಷಗಳ ಹಿಂದೆ ಜಿಮ್ ಹ್ಯುಗುನಿನ್ ಎಂಬ ಪ್ರೋಗ್ರಾಮರ್ ಒಂದು ಸಣ್ಣ ಲೇಖನ ಬರೆಯಲು ಕುಳಿತರು. ಮೈಕ್ರೋಸಾಫ್ಟಿನ ಡಾಟ್‌ನೆಟ್ ವೇದಿಕೆ ಪೈಥಾನಿನಂಥ ಭಾಷೆಗಳಿಗೆ ಯಾಕೆ ಒಗ್ಗುವುದಿಲ್ಲ ಎಂದು ತೋರಿಸುವುದು ಅವರ ಉದ್ದೇಶ. ಹಾಗೆ ಹೇಳುವವರು ಆಗ ಬೇಕಾದಷ್ಟು ಜನ ಇದ್ದರು. ತಾನೇ ಒಂದು ಪುಟ್ಟ ಪೈಥಾನನ್ನು ಡಾಟ್‌ನೆಟ್ ಮೇಲೆ ಕಟ್ಟುವುದು, ಅದು ಎಷ್ಟು ನಿಧಾನ ಅಂತ ಅಳೆಯುವುದು, ಕಾರಣ ಬರೆದು ಮುಗಿಸುವುದು ಎಂಬ ಲೆಕ್ಕಾಚಾರ. ಅಳೆದು ನೋಡಿದರೆ ಅದು ಚೆನ್ನಾಗಿಯೇ ಓಡುತ್ತಿತ್ತು! ಲೇಖನ ಅಲ್ಲಿಗೇ ನಿಂತು ಐರನ್‌ಪೈಥಾನ್ ಹುಟ್ಟಿತು. 2004ರ ಪೈಕಾನ್ ಸಮ್ಮೇಳನದಲ್ಲಿ ಅದನ್ನು ತೋರಿಸಿದರು, ಅದೇ ವರ್ಷ ಮೈಕ್ರೋಸಾಫ್ಟ್ ಸೇರಿದರು, 2006ರಲ್ಲಿ 1.0 ಆವೃತ್ತಿ ಹೊರಬಂತು.

ಇದನ್ನು ಸಾಮಾನ್ಯವಾಗಿ ಗೆಲುವಿನ ಕಥೆ ಅಂತ ಹೇಳುತ್ತಾರೆ. ಕಥೆಗೆ ಇನ್ನೊಂದು ತುದಿಯೂ ಇದೆ, ಅದು ಆಮೇಲೆ. ಪ್ರೋಗ್ರಾಮರ್ ಅಲ್ಲದ ನಾನು ಇದರ ಬಗ್ಗೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ನನ್ನ ಅನ್ನ ಇರುವುದು ಈ ಗಡಿಯಲ್ಲೇ. ಭಾಷಾಶಾಸ್ತ್ರ ಓದಿ ಅನುವಾದಕ್ಕೆ ಬಂದವರಲ್ಲಿ ಕಥೆ ಕಾದಂಬರಿ ಅನುವಾದಿಸಿ ಬದುಕುವವರು ಕಡಿಮೆ. ನಾನು ಮಾಡುವುದರಲ್ಲಿ ಮುಕ್ಕಾಲು ಪಾಲು ಆಪ್‌ಗಳ ಗುಂಡಿಗಳು, ಎಚ್ಚರಿಕೆಗಳು, ಸಹಾಯ ಪುಟಗಳು. ಆ ಸಾಲುಗಳು ಒಂದು ಕಡೆ ಪೈಥಾನ್ ಸ್ಕ್ರಿಪ್ಟುಗಳಿಂದ ಹೊರಡುತ್ತವೆ, ಇನ್ನೊಂದು ಕಡೆ ಜಾವಾದಲ್ಲೋ ಸಿ-ಶಾರ್ಪಿನಲ್ಲೋ ಬರೆದ ಆಪ್ ಒಳಗೆ ಹೋಗಿ ಕೂರುತ್ತವೆ. ನಡುವೆ ಏನಾದರೂ ಕೆಟ್ಟರೆ ಬೈಗುಳ ಬರುವುದು ಅನುವಾದಕರಿಗೆ.

ಹೀಗೆ ಎರಡು ಭಾಷೆಗಳನ್ನು ಜೋಡಿಸುವ ತಂತ್ರಾಂಶಗಳು ತಮ್ಮನ್ನು ಹೊಗಳಿಕೊಳ್ಳುವಾಗ ಬಳಸುವ ಮಾತು ಒಂದೇ: ಹೊಲಿಗೆ ಕಾಣಿಸುವುದಿಲ್ಲ. ಈ ಕಡೆಯಿಂದ ಆ ಕಡೆ ಹೋದದ್ದೇ ನಿಮಗೆ ಗೊತ್ತಾಗುವುದಿಲ್ಲ ಎನ್ನುತ್ತಾರೆ. ನನ್ನ ವಾದ ಇದಕ್ಕೆ ತೀರಾ ವಿರುದ್ಧ. ಗೊತ್ತಾಗಬೇಕು. ಗೊತ್ತಾಗದಿರುವುದೇ ಮುಕ್ಕಾಲು ತೊಂದರೆಗೆ ಮೂಲ.

ಎರಡು ಕಡೆಯ ಸ್ವಭಾವ ಎಷ್ಟು ಬೇರೆ ಎಂಬುದನ್ನು ಮೊದಲು ಹೇಳುತ್ತೇನೆ. ಜಾವಾ, ಸಿ-ಶಾರ್ಪ್ ಇವು ರೈಲಿನ ರಿಸರ್ವೇಶನ್ ಬೋಗಿ ಇದ್ದ ಹಾಗೆ. ಯಾವ ಸೀಟಿನಲ್ಲಿ ಎಂಥವರು ಕೂರಬಹುದು ಎಂದು ಗಾಡಿ ಹೊರಡುವ ಮೊದಲೇ ಚಾರ್ಟ್ ಸಿದ್ಧ. ಅಂಕಿಯ ಸೀಟಿನಲ್ಲಿ ಅಕ್ಷರ ಕೂರಲು ಹೋದರೆ ಪ್ಲಾಟ್‌ಫಾರ್ಮಿನಲ್ಲೇ ತಡೆಯುತ್ತಾರೆ. ಪೈಥಾನ್, ರೂಬಿ ಜನರಲ್ ಬೋಗಿಗಳು. ಸೀಟಿಗೆ ಹೆಸರಿಲ್ಲ, ಯಾರು ಬೇಕಾದರೂ ಕೂರಬಹುದು. ಆದರೆ ಕೂತವರು ಯಾರು ಎಂಬ ಗುರುತಿನ ಚೀಟಿ ಅವರವರ ಜೇಬಿನಲ್ಲೇ ಇರುತ್ತದೆ. ಸ್ಕ್ರಿಪ್ಟ್ ಭಾಷೆಗಳಿಗೆ ಮಾದರಿಗಳೇ ಇಲ್ಲ ಎಂದು ಕೆಲವರು ಹೇಳುವುದು ಸರಿಯಲ್ಲ. ಇವೆ. ಹೆಸರಿನ ಮೇಲೆ ಇಲ್ಲ, ಮೌಲ್ಯದ ಜೊತೆ ಇವೆ, ಅಷ್ಟೇ.

ಮುಂಬಯಿ, ದೆಹಲಿಗಳಲ್ಲಿ ಇರುವವರಿಗೆ ಇದರ ರುಚಿ ಬೇರೆ ಕಡೆಯಿಂದ ಗೊತ್ತಿರುತ್ತದೆ. ಕನ್ನಡದಲ್ಲಿ ಬಸ್ಸು ಬಂತು, ಲಾರಿ ಬಂತು, ಟ್ರಕ್ ಬಂತು. ಹೊರಗಿನಿಂದ ಯಾವ ಪದ ಬಂದರೂ ನಾವು ಕೇಳುವ ಪ್ರಶ್ನೆ ಒಂದೇ, ಇದು ಮನುಷ್ಯನೋ ಅಲ್ಲವೋ? ಮನುಷ್ಯ ಅಲ್ಲದಿದ್ದರೆ ನಪುಂಸಕ, ಮುಗಿಯಿತು. ಹಿಂದಿಯಲ್ಲಿ ಹಾಗಲ್ಲ. ಬಸ್ ‘ಆಯೀ’, ಟ್ರಕ್ ‘ಆಯಾ’. ಇಂಗ್ಲಿಷಿನಿಂದ ಬಂದ ಎರಡೂ ಪದಗಳಿಗೆ ಅಲ್ಲಿ ಹೆಣ್ಣೋ ಗಂಡೋ ಎಂಬ ಮುದ್ರೆ ಬೀಳಲೇಬೇಕು, ಇಲ್ಲದಿದ್ದರೆ ಕ್ರಿಯಾಪದ ಮುಂದಕ್ಕೆ ಹೋಗುವುದಿಲ್ಲ. ಮರಾಠಿಯಲ್ಲೂ ಇದೇ ಪಾಡು. ಹತ್ತು ವರ್ಷ ಪುಣೆಯಲ್ಲಿದ್ದವರೂ ಇಲ್ಲಿ ತಡವರಿಸುತ್ತಾರೆ. ಯಾಕೆಂದರೆ ನಮಗೆ ಲಿಂಗ ವಸ್ತುವಿನಲ್ಲಿದೆ, ಅವರಿಗೆ ಪದದಲ್ಲಿದೆ. ಈ ಹೋಲಿಕೆಯನ್ನು ಬಹಳ ಎಳೆಯಬಾರದು, ಆದರೆ ಗಡಿಯಲ್ಲಿ ಕೇಳುವ ಪ್ರಶ್ನೆ ಇಂಥದ್ದೇ: ಇದನ್ನು ಒಳಗೆ ಯಾವ ವರ್ಗಕ್ಕೆ ಸೇರಿಸಲಿ?

ಪ್ರತಿ ಸಲವೂ ಹೀಗೆ ಕೇಳಿದರೆ ನಿಧಾನ ಆಗುವುದಿಲ್ಲವೇ ಎಂಬುದೇ ಹಳೆಯ ಆಕ್ಷೇಪ, ಹ್ಯುಗುನಿನ್ ಅವರ ಲೇಖನ ಹೇಳಬೇಕೆಂದಿದ್ದದ್ದೂ ಸರಿಸುಮಾರು ಅದನ್ನೇ. ಅದಕ್ಕೆ ಸಿಕ್ಕ ಉತ್ತರ ನಿಮ್ಮ ಸೊಸೈಟಿಯ ವಾಚ್‌ಮನ್ ಮಾಡುವುದೇ. ಮೊದಲ ದಿನ ರಿಜಿಸ್ಟರ್ ತೆಗೆದು ಹೆಸರು, ಫ್ಲ್ಯಾಟ್ ನಂಬರ್, ಫೋನು ಎಲ್ಲ ಬರೆಸಿಕೊಳ್ಳುತ್ತಾನೆ. ನಾಳೆ ಅದೇ ಮುಖ ಬಂದರೆ ತಲೆಯಾಡಿಸಿ ಬಿಡುತ್ತಾನೆ. ಒಂದು ಕರೆಯ ಜಾಗದಲ್ಲಿ ಮೊದಲ ಸಲ ಎಂಥ ಮೌಲ್ಯ ಬಂತು, ಆಗ ಏನು ತೀರ್ಮಾನ ಆಯಿತು ಎಂಬುದನ್ನು ಅಲ್ಲೇ ನೆನಪಿಟ್ಟುಕೊಂಡು, ಮುಂದಿನ ಸಲ ಅಂಥದ್ದೇ ಬಂದರೆ ಅದೇ ತೀರ್ಮಾನವನ್ನು ನೇರ ಬಳಸುವುದು. ಸ್ಮಾಲ್‌ಟಾಕ್, ಸೆಲ್ಫ್ ಭಾಷೆಗಳ ಕಾಲದ ಈ ಉಪಾಯವನ್ನು ಡಾಟ್‌ನೆಟ್ 2010ರ ತನ್ನ 4.0 ಆವೃತ್ತಿಯಲ್ಲಿ ಮನೆಯ ಭಾಗವಾಗಿಯೇ ಸೇರಿಸಿಕೊಂಡಿತು. ಜಾವಾ 2011ರಲ್ಲಿ, ಏಳನೇ ಆವೃತ್ತಿಯಲ್ಲಿ, ಇಂಥ ಕರೆಗಳಿಗೆಂದೇ ‘ಇನ್ವೋಕ್‌ಡೈನಾಮಿಕ್’ ಎಂಬ ಹೊಸ ಸೂಚನೆಯನ್ನು ತಂದಿತು. ಹಾಗಾಗಿ ವೇಗದ ಜಗಳ ಬಹುಮಟ್ಟಿಗೆ ಮುಗಿದಿದೆ. ಅರ್ಥದ ಜಗಳ ಮುಗಿದಿಲ್ಲ.

080 ಎಂಬುದನ್ನು ನೋಡಿ. ಬೆಂಗಳೂರಿನ ಎಸ್‌ಟಿಡಿ ಕೋಡು. ಮುಂಬಯಿ 022, ಹೈದರಾಬಾದ್ 040, ಚೆನ್ನೈ 044. ಕಡತ ಓದುವ ಸ್ಕ್ರಿಪ್ಟು ‘ಅಂಕಿಗಳಿವೆ, ಹಾಗಾದರೆ ಸಂಖ್ಯೆಯೇ ಇರಬೇಕು’ ಎಂದು ತಾನಾಗಿ ಊಹಿಸಿದರೆ ಆ ಕಡೆ ಸೇರುವುದು 80. ಸೊನ್ನೆ ಹೋಯಿತು. 80 ಅನ್ನು ನೋಡಿ ಅದು ಮೊದಲು 080 ಆಗಿತ್ತೋ 80 ಆಗಿತ್ತೋ ಎಂದು ಯಾರೂ ಹೇಳಲಾರರು. ಇನ್ನು ನಮ್ಮ ಹತ್ತಂಕಿಯ ಮೊಬೈಲ್ ನಂಬರು. ಪೈಥಾನಿನಲ್ಲಿ ಪೂರ್ಣಾಂಕ ಎಷ್ಟು ಬೇಕಾದರೂ ಬೆಳೆಯಬಹುದು. ಜಾವಾದ ಮಾಮೂಲಿ 32 ಬಿಟ್ ಪೂರ್ಣಾಂಕದ ಪೆಟ್ಟಿಗೆಯಲ್ಲಿ 2,14,74,83,647ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಆರು, ಏಳು, ಎಂಟು, ಒಂಬತ್ತರಿಂದ ಶುರುವಾಗುವ ನಮ್ಮ ಯಾವ ಮೊಬೈಲ್ ನಂಬರೂ ಅಲ್ಲಿ ಕೂರುವುದಿಲ್ಲ. ಇಲ್ಲಿ ಒಂದು ಸಮಾಧಾನ ಇದೆ. ಒಳ್ಳೆಯ ಸೇತುವೆಗಳು ಹೀಗಾದಾಗ ಗಟ್ಟಿಯಾಗಿ ಕಿರುಚುತ್ತವೆ, ದೋಷ ಎಲ್ಲರಿಗೂ ಕಾಣುತ್ತದೆ. ಕಿರುಚುವ ತಪ್ಪು ಒಳ್ಳೆಯದು. 080ರ ಹಾಗೆ ಸದ್ದಿಲ್ಲದೆ ಸವೆಯುವುದು ಕೆಟ್ಟದ್ದು.

ಹಾಗಂತ ಗಡಿಯಲ್ಲಿ ಆಗುವ ಎಲ್ಲ ಬದಲಾವಣೆಯನ್ನೂ ನಾನು ವಿರೋಧಿಸುವುದಿಲ್ಲ. ಜಾವಾದ ಮೇಲೆ ಓಡುವ ರೂಬಿಗೆ ಜೆರೂಬಿ ಎಂದು ಹೆಸರು. ಜಾವಾದಲ್ಲಿ ‘ಗೆಟ್‌ಫಸ್ಟ್‌ನೇಮ್’ ಎಂದು ಒತ್ತಾಗಿ ಬರೆದದ್ದನ್ನು ಅದರಲ್ಲಿ ರೂಬಿಯ ರೂಢಿಯಂತೆ ಫಸ್ಟ್, ನೇಮ್ ನಡುವೆ ಅಡಿಗೆರೆ ಹಾಕಿ ಕರೆಯಬಹುದು. ‘ಈಸ್‌ಎಂಪ್ಟಿ’ ಎಂಬುದನ್ನು ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಎಂಪ್ಟಿ?’ ಎಂದು ಕೇಳಬಹುದು. ಕೋಡಿನಲ್ಲಿ ಹುಡುಕುವವರಿಗೆ ಸ್ವಲ್ಪ ತಲೆನೋವು, ನಿಜ. ಆದರೆ ಹಳೆಯ ಹೆಸರೂ ಕೆಲಸ ಮಾಡುತ್ತದೆ, ಏನೂ ಕಳೆದುಹೋಗುವುದಿಲ್ಲ. ಶೋಲಾಪುರ ಅಂದರೂ ಸೊಲ್ಲಾಪುರ ಅಂದರೂ ಊರು ಅದೇ. ಹೆಸರಿನ ಅನುವಾದದಿಂದ ಹಿಂದಕ್ಕೆ ಬರಬಹುದು. ಮೌಲ್ಯವನ್ನು ತಿದ್ದಿದರೆ ಎಷ್ಟೋ ಸಲ ಬರಲಾಗುವುದಿಲ್ಲ. ನನ್ನ ಪಾಲಿಗೆ ಅಳತೆಗೋಲು ಇದೇ.

ಐರನ್‌ಪೈಥಾನಿನಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇದೆ. ಪೈಥಾನಿಗೂ ಡಾಟ್‌ನೆಟ್ಟಿಗೂ ತಮ್ಮ ತಮ್ಮ ‘ಸ್ಟ್ರಿಂಗ್’, ಅಂದರೆ ಅಕ್ಷರಮಾಲೆ ಇದೆ. ದೊಡ್ಡಕ್ಷರ ಮಾಡಲು ಪೈಥಾನಿನವರು ‘ಅಪ್ಪರ್’ ಎನ್ನುತ್ತಾರೆ, ಡಾಟ್‌ನೆಟ್ಟಿನವರು ‘ಟುಅಪ್ಪರ್’. ಐರನ್‌ಪೈಥಾನಿನಲ್ಲಿ ಒಳಗೆ ಇರುವುದು ಒಂದೇ ವಸ್ತು. ಎರಡೂ ಹೆಸರನ್ನು ಒಟ್ಟಿಗೆ ತೋರಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಸುಮ್ಮನೆ ಬರೆದರೆ ಪೈಥಾನಿನ ಗುಣಗಳು ಮಾತ್ರ ಕಾಣುತ್ತವೆ. ಕಡತದಲ್ಲಿ ‘ಇಂಪೋರ್ಟ್ ಸಿಎಲ್‌ಆರ್’ ಎಂದು ಒಂದು ಸಾಲು ಬರೆದರೆ ಆ ಕಡತದ ಮಟ್ಟಿಗೆ ಡಾಟ್‌ನೆಟ್ಟಿನ ಗುಣಗಳೂ ಕಾಣಲು ಶುರುವಾಗುತ್ತವೆ. ಪಕ್ಕದ ಕಡತಕ್ಕೆ ಇದರ ಸೋಂಕಿಲ್ಲ. ನಾನು ಹೊಸಿಲು ದಾಟುತ್ತಿದ್ದೇನೆ ಎಂದು ಬರೆದವರೇ ಹೇಳಬೇಕು, ಹೇಳಿದ ಮೇಲೆ ಮನೆಯೊಳಗೆ ಎಲ್ಲವೂ ಸಲೀಸು. ಒಂದೇ ಹೆಸರಿನ ಹಲವು ಕ್ರಿಯೆಗಳಿದ್ದು ಯಾವುದೆಂದು ಯಂತ್ರಕ್ಕೆ ತೋಚದಿದ್ದಾಗ, ಇಂಥದ್ದೇ ಬೇಕು ಎಂದು ಬೊಟ್ಟು ಮಾಡಿ ತೋರಿಸುವ ದಾರಿಯನ್ನೂ ಇಟ್ಟಿದ್ದಾರೆ. ಇದು ನಾನು ಒಪ್ಪುವ ಸಭ್ಯತೆ.

ಅಕ್ಷರಮಾಲೆಯ ಮಾತು ಬಂತಲ್ಲ, ನಮ್ಮ ಲಿಪಿಗೆ ಇದರ ಪೆಟ್ಟು ಹೆಚ್ಚು. ‘ಕನ್ನಡ’ ಎಂಬ ಪದದ ಉದ್ದ ಎಷ್ಟು? ನಾವು ಮೂರಕ್ಷರ ಎನ್ನುತ್ತೇವೆ. ಯೂನಿಕೋಡ್ ಲೆಕ್ಕದಲ್ಲಿ ಐದು: ಕ, ನ, ವಿರಾಮ, ನ, ಡ. ಯುಟಿಎಫ್-8ರಲ್ಲಿ ಶೇಖರಿಸಿದರೆ ಒಂದೊಂದಕ್ಕೆ ಮೂರು ಬೈಟು, ಒಟ್ಟು 15. ಮಾಮೂಲಿ ಪೈಥಾನ್ 2ರಲ್ಲಿ ಸಾದಾ ಅಕ್ಷರಮಾಲೆ ಎಂದರೆ ಬೈಟುಗಳ ಸಾಲು. ಐರನ್‌ಪೈಥಾನಿನಲ್ಲಿ ಅದು ಡಾಟ್‌ನೆಟ್ಟಿನ ಯೂನಿಕೋಡ್ ಸಾಲು. ಒಂದೇ ಪ್ರಶ್ನೆಗೆ ಒಂದು ಕಡೆ 15 ಎಂಬ ಉತ್ತರ, ಇನ್ನೊಂದು ಕಡೆ 5. ಇಂಗ್ಲಿಷ್ ಪಠ್ಯದಲ್ಲಿ ಎರಡೂ ಲೆಕ್ಕ ಒಂದೇ ಬರುವುದರಿಂದ ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ಬಿರುಕು ಕಾಣುವುದು ಕನ್ನಡ, ತಮಿಳು, ಹಿಂದಿ ಬಂದಾಗ. ಜೆರೂಬಿಯವರು ಬೇರೆ ದಾರಿ ಹಿಡಿದರು. ಜಾವಾದ ಅಕ್ಷರಮಾಲೆ ಕೈಯಳತೆಯಲ್ಲೇ ಇದ್ದರೂ, ರೂಬಿಯ ಅಕ್ಷರಮಾಲೆಯ ಸ್ವಭಾವ ಬೇರೆ ಎಂದು ಅದನ್ನು ಬೈಟುಗಳಾಗಿಯೇ ಉಳಿಸಿಕೊಂಡರು. ಜಾವಾದ ಕಡೆಗೆ ಹೋಗುವಾಗ ಮಾತ್ರ ಪರಿವರ್ತನೆ. ಇದಕ್ಕೆ ವೇಗದಲ್ಲಿ ಬೆಲೆ ತೆರಬೇಕು. ಆದರೂ ನನ್ನ ಓಟು ಜೆರೂಬಿಗೆ. ಅತಿಥಿಯ ಹೊಟ್ಟೆಯೊಳಗಿನ ಅಂಗವನ್ನೇ ಮನೆಯವರ ಅನುಕೂಲಕ್ಕೆ ಬದಲಾಯಿಸಿದರೆ ಬಂದದ್ದು ಅದೇ ಅತಿಥಿ ಎನ್ನುವುದು ಕಷ್ಟ.

ಬೈಗುಳ ಅನುವಾದಕರಿಗೆ ಬರುತ್ತದೆ ಎಂದೆನಲ್ಲ, ಒಂದು ಉದಾಹರಣೆ ಕೊಡುತ್ತೇನೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೇವೆ. ಇಲ್ಲದಿದ್ದರೆ ವಕಾರ ಕೆಳಗಿಳಿದು ಒತ್ತಕ್ಷರವಾಗಿ ‘ಸಾಫ್ಟ್ವೇರ್’ ಆಗುತ್ತದೆ. ಒಮ್ಮೆ ಒಂದು ಏಜೆನ್ಸಿಗೆ ಕೊಟ್ಟ ಕಡತ ನೂರಾರು ‘ಕಾಗುಣಿತ ತಪ್ಪು’ಗಳ ಗುರುತಿನೊಂದಿಗೆ ನನಗೆ ವಾಪಸ್ ಬಂತು. ಬಿಲ್ಲಿನಲ್ಲಿ ಕಡಿತದ ಸೂಚನೆಯೂ ಜೊತೆಗಿತ್ತು. ನಾನು ಕಳಿಸಿದ ಕಡತದಲ್ಲಿ ಆ ಚಿಹ್ನೆ ಎಲ್ಲ ಕಡೆ ಇತ್ತು, ಅವರ ಆಪಿನೊಳಗೆ ಒಂದು ಕಡೆಯೂ ಇರಲಿಲ್ಲ. ನಡುವೆ ಒಂದು ಪೈಥಾನ್ ಸ್ಕ್ರಿಪ್ಟು ಪಠ್ಯವನ್ನು ‘ಶುಚಿ’ ಮಾಡುತ್ತಿತ್ತು, ಅಚ್ಚಾಗುವ ಅಕ್ಷರಗಳನ್ನು ಮಾತ್ರ ಉಳಿಸಿಕೊಂಡು. ಪೈಥಾನಿನ ವ್ಯಾಖ್ಯೆಯಲ್ಲಿ ನಮ್ಮ ಕಾಣದ ಚಿಹ್ನೆ ಅಚ್ಚಾಗುವ ಅಕ್ಷರವಲ್ಲ. ಆ ಕಡೆ ಜಾವಾ ಕೇಳಿದ್ದು ‘ಇದು ಅಕ್ಷರಮಾಲೆಯೇ?’ ಎಂದು ಮಾತ್ರ. ಹೌದು, ಅಕ್ಷರಮಾಲೆಯೇ. ಮಾದರಿ ಪರೀಕ್ಷೆ ಪಾಸು, ಕನ್ನಡ ಫೇಲು. ಎರಡೂ ಕಡತಗಳ ಯೂನಿಕೋಡ್ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಕಳಿಸಿದ ಮೇಲೆ ಕಡಿತ ವಾಪಸಾಯಿತು. ಸ್ಕ್ರಿಪ್ಟನ್ನು ಸರಿ ಮಾಡಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು ಎಂಬುದು ಬೇರೆ ಮಾತು.

ತಪ್ಪು ಯಾರದ್ದು ಎಂಬ ಪ್ರಶ್ನೆಗೆ ಕಂಪ್ಯೂಟರ್ ವಿಜ್ಞಾನದಲ್ಲಿ ಒಂದು ಪ್ರಸಿದ್ಧ ಉತ್ತರ ಇದೆ. ಫಿಲಿಪ್ ವಾಡ್ಲರ್ ಮತ್ತು ರಾಬರ್ಟ್ ಫೈಂಡ್ಲರ್ 2009ರಲ್ಲಿ ಪ್ರಕಟಿಸಿದ ಪ್ರಮೇಯ. ಮಾದರಿ ಬಿಗಿಯಾಗಿರುವ ಕೋಡೂ ಸಡಿಲವಾಗಿರುವ ಕೋಡೂ ಸೇರಿ ಕೆಲಸ ಮಾಡುವಾಗ, ಗಡಿಯಲ್ಲಿ ಕರಾರು ಮುರಿದರೆ, ದೂಷಣೆ ಬೀಳುವುದು ಸಡಿಲ ಕಡೆಯ ಮೇಲೆ. ಬಿಗಿ ಕಡೆಯ ಮೇಲೆ ಬೀಳುವುದಿಲ್ಲ. ಗಣಿತವಾಗಿ ಇದು ಚೊಕ್ಕವಾದ ಫಲಿತಾಂಶ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆಫೀಸುಗಳಲ್ಲಿ ಅದರ ಛಾಯೆ ಬೀಳುವ ರೀತಿಯ ಬಗ್ಗೆ. ನಮ್ಮ ಕಡೆ ಕಂಪೈಲ್ ಆಗಿದೆ, ತೊಂದರೆ ನಿಮ್ಮ ಸ್ಕ್ರಿಪ್ಟಿನದ್ದೇ ಎನ್ನುವ ಧೋರಣೆ. ಪ್ರಮೇಯ ಹೇಳುವುದು ಬರೆದಿಟ್ಟ ಕರಾರನ್ನು ಯಾರು ಮುರಿದರು ಎಂದು. ಕರಾರು ಸರಿಯಾದದ್ದನ್ನೇ ಕೇಳಿತ್ತೇ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮೇಲಿನ ಪ್ರಕರಣದಲ್ಲಿ ಕರಾರು ಮುರಿಯಲೇ ಇಲ್ಲ!

ಇನ್ನು ಹ್ಯುಗುನಿನ್ ಅವರ ಕಥೆಯ ಇನ್ನೊಂದು ತುದಿ. ಐರನ್‌ಪೈಥಾನಿಗೆ ಮೊದಲು ಜಾವಾದ ಮೇಲೆ ಓಡುವ ಪೈಥಾನನ್ನು, ಈಗ ಜೈಥಾನ್ ಎನ್ನುತ್ತೇವಲ್ಲ, ಅದನ್ನು ಮಾಡಿದವರೂ ಅವರೇ. ಅದಕ್ಕೂ ಮೊದಲು, 1995ರ ಹೊತ್ತಿಗೆ, ಪೈಥಾನಿನಲ್ಲಿ ಲೆಕ್ಕಾಚಾರಕ್ಕೆಂದು ‘ನ್ಯೂಮೆರಿಕ್’ ಎಂಬ ಲೈಬ್ರರಿ ಬರೆದವರೂ ಅವರೇ. ಅದರ ವಂಶದ ಕುಡಿಯೇ ಇವತ್ತು ದತ್ತಾಂಶ ಕೆಲಸ ಮಾಡುವ ಪ್ರತಿಯೊಬ್ಬರೂ ಬಳಸುವ ನಂಪೈ. ನಂಪೈಯ ಒಳಗಿನ ಭಾರದ ಕೆಲಸವೆಲ್ಲ ಸಿ ಭಾಷೆಯಲ್ಲಿದೆ, ಮಾಮೂಲಿ ಪೈಥಾನಿನ ಒಳರಚನೆಯನ್ನು ನೆಚ್ಚಿಕೊಂಡಿದೆ. ಐರನ್‌ಪೈಥಾನಿಗೆ ಆ ಒಳರಚನೆ ಇಲ್ಲ. ಹಾಗಾಗಿ ತಂದೆಯೇ ಕಟ್ಟಿದ ಹೊಸ ಮನೆಗೆ ಮೊದಲ ಮಗುವಿನ ಸಂತಾನ ಕಾಲಿಡಲಾಗಲಿಲ್ಲ. ಐರನ್‌ಕ್ಲ್ಯಾಡ್ ಎಂಬ ಯೋಜನೆ ಈ ಕಂದಕಕ್ಕೆ ಸೇತುವೆ ಕಟ್ಟಲು ಶ್ರಮಪಟ್ಟಿತು, ಆದರೆ ಜನ ಓಡಾಡುವ ರಸ್ತೆ ಆಗಲಿಲ್ಲ. 2010ರಲ್ಲಿ ಮೈಕ್ರೋಸಾಫ್ಟ್ ಐರನ್‌ಪೈಥಾನನ್ನು ಸಮುದಾಯದ ಕೈಗೆ ಬಿಟ್ಟಿತು, ಹ್ಯುಗುನಿನ್ ಕಂಪನಿ ಬಿಟ್ಟರು. ಪೈಥಾನ್ 3.4ಕ್ಕೆ ಹೊಂದುವ ಐರನ್‌ಪೈಥಾನ್ ಬಂದದ್ದು 2022ರ ಕೊನೆಗೆ. ಮೂಲ ಪೈಥಾನಿನ 3.4 ಬಂದು ಆಗ ಎಂಟು ವರ್ಷ ಕಳೆದಿತ್ತು.

ಇಲ್ಲಿ ಸೋತದ್ದು ಮಾದರಿಗಳ ಹೊಂದಾಣಿಕೆ ಅಲ್ಲ, ಅದನ್ನು ಅವರು ಅದ್ಭುತವಾಗಿ ಮಾಡಿದ್ದರು. ವ್ಯಾಕರಣವೆಲ್ಲ ಬಂತು, ನೆರೆಹೊರೆ ಬರಲಿಲ್ಲ. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾನುವಾರದ ಕ್ಲಾಸಿನಲ್ಲಿ ವಿಭಕ್ತಿ ಪ್ರತ್ಯಯ ಕಲಿಸಬಹುದು. ಜಗಳವಾಡಲು ಪಕ್ಕದ ಮನೆಯ ಹುಡುಗನನ್ನು ಎಲ್ಲಿಂದ ತರುವುದು?

ಇದಕ್ಕೆ ಎದುರಾದ ದಾರಿ ಪೈಥಾನ್‌ನೆಟ್ ಹಿಡಿದದ್ದು. ಅದು ಪೈಥಾನನ್ನು ಹೊಸದಾಗಿ ಕಟ್ಟುವುದಿಲ್ಲ, ಮಾಮೂಲಿ ಪೈಥಾನನ್ನೇ ಇಡಿಯಾಗಿ ತಂದು ಡಾಟ್‌ನೆಟ್ಟಿನ ಪಕ್ಕದಲ್ಲಿ ಕೂರಿಸುತ್ತದೆ. ಒಂದೇ ಮನೆಯಲ್ಲಿ ಎರಡು ಅಡುಗೆ ಒಲೆ. ಕಸ ಗುಡಿಸುವ ಪದ್ಧತಿ ಇಬ್ಬರದ್ದೂ ಬೇರೆ, ಒಬ್ಬರ ವಸ್ತುವನ್ನು ಇನ್ನೊಬ್ಬರು ಹಿಡಿದುಕೊಂಡಿರುವಾಗ ಅದನ್ನು ಯಾರು ಎಸೆಯಬೇಕು ಎಂಬ ರಗಳೆ ಸದಾ ಇದ್ದದ್ದೇ. ಆದರೆ ನಂಪೈ ಬರುತ್ತದೆ, ಅದರ ಹಿಂದಿನ ಇಡೀ ಕೇರಿಯೂ ಬರುತ್ತದೆ. ಗಡಿ ನಡುಮನೆಯಲ್ಲೇ, ಎಲ್ಲರಿಗೂ ಕಾಣುವಂತೆ ಇರುತ್ತದೆ. ಅದರ ಮೂರನೇ ಆವೃತ್ತಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೊದಲು ತಾನಾಗಿ ಆಗುತ್ತಿದ್ದ ಕೆಲವು ಪರಿವರ್ತನೆಗಳನ್ನು ನಿಲ್ಲಿಸಿದರು. ಡಾಟ್‌ನೆಟ್ಟಿನ ‘ಎನಮ್’, ಅಂದರೆ ಹೆಸರಿಟ್ಟ ಆಯ್ಕೆಗಳ ಪಟ್ಟಿ, ಹಿಂದೆಲ್ಲ ಪೈಥಾನಿಗೆ ಬರುವಾಗ ಬರೀ ಸಂಖ್ಯೆಯಾಗಿ ಬರುತ್ತಿತ್ತು. ಈಗ ಎನಮ್ ಎನಮ್ಮಾಗಿಯೇ ಬರುತ್ತದೆ, ಸಂಖ್ಯೆ ಬೇಕಾದರೆ ನೀವೇ ಬದಲಾಯಿಸಿಕೊಳ್ಳಬೇಕು. ಹಳೆಯ ಕೋಡು ಇದರಿಂದ ಮುರಿಯುತ್ತದೆ, ಮುರಿದವರಿಗೆ ಕೋಪ ಬರುವುದೂ ಸಹಜ. ನನಗೆ ಮಾತ್ರ ಇದು ಈ ಇಡೀ ಇತಿಹಾಸದ ಅತ್ಯಂತ ವಿವೇಕದ ತೀರ್ಮಾನಗಳಲ್ಲಿ ಒಂದು. ‘ಮಂಗಳವಾರ’ ಎಂಬುದು 2 ಆಗಿ ಬಂದರೆ ಅದನ್ನು ಯಾರೋ ಒಬ್ಬರು ಕೂಡಿಸಿಯೋ ಗುಣಿಸಿಯೋ ತೀರುತ್ತಾರೆ.

ನಮ್ಮ ಆಪ್‌ಗಳ ಕನ್ನಡ ಯಾಕೆ ಇಷ್ಟು ಒರಟು ಎಂದು ಕೇಳುವವರಿಗೂ ಉತ್ತರ ಈ ಗಡಿಯಲ್ಲಿದೆ. ‘ಸೊಲ್ಲಾಪುರ ಗೆ ಬಸ್’ ಎಂದು ನಿಮ್ಮ ಫೋನಿನಲ್ಲಿ ನೋಡಿ ಮುಖ ಸಿಂಡರಿಸಿರುತ್ತೀರಿ. ಅನುವಾದಕರಿಗೆ ಬಂದಿದ್ದ ಸಾಲಿನಲ್ಲಿ ಊರಿನ ಜಾಗದಲ್ಲಿ ಒಂದು ಖಾಲಿ ಪೆಟ್ಟಿಗೆ ಇತ್ತು. ಅದರ ಮಾದರಿ: ಅಕ್ಷರಮಾಲೆ. ಆದರೆ ಕನ್ನಡಕ್ಕೆ ಬೇಕಾದ ಮಾಹಿತಿ ಅದಲ್ಲ. ಪುಣೆಗೆ, ಬೆಂಗಳೂರಿಗೆ, ಸೊಲ್ಲಾಪುರಕ್ಕೆ, ರಾಮನಿಗೆ. ಪದ ಯಾವ ಸ್ವರದಲ್ಲಿ ಮುಗಿಯುತ್ತದೆ, ಅಕಾರದಲ್ಲಿ ಮುಗಿದರೆ ಅದು ಮನುಷ್ಯನೋ ಜಾಗವೋ ಎಂಬುದು ಗೊತ್ತಾಗದೆ ಪ್ರತ್ಯಯ ಹಚ್ಚಲಾಗದು. ಊರಿನ ಹೆಸರು ದತ್ತಾಂಶದಲ್ಲಿದ್ದಾಗ ಅದು ಊರು ಎಂಬ ವಿವರ ಜೊತೆಗೇ ಇರುತ್ತದೆ. ಗಡಿ ದಾಟುವಾಗ ಆ ವಿವರ ಉದುರಿ ಬರೀ ಅಕ್ಷರಗಳು ಉಳಿಯುತ್ತವೆ, ಯಾಕೆಂದರೆ ಆ ಕಡೆ ಕೇಳಿದ್ದು ಅಷ್ಟೇ. ಹಾಗಾಗಿ ನಾವು ‘ತಲುಪುವ ಸ್ಥಳ: ಸೊಲ್ಲಾಪುರ’ ಎಂದು ಎರಡು ಚುಕ್ಕಿ ಇಟ್ಟು ತಪ್ಪಿಸಿಕೊಳ್ಳುತ್ತೇವೆ. ಆಪ್‌ಗಳ ಕನ್ನಡವೆಲ್ಲ ಅರ್ಜಿ ಫಾರಮ್ಮಿನ ಹಾಗೆ ಕೇಳಿಸುವುದು ಈ ಎರಡು ಚುಕ್ಕಿಗಳಿಂದ.

ಈಗೀಗ ಕೆಲಸ ಒಪ್ಪಿಕೊಳ್ಳುವ ಮೊದಲೇ ನಾನು ಒಂದು ಷರತ್ತು ಹಾಕುತ್ತೇನೆ. ಪ್ರತಿ ಖಾಲಿ ಪೆಟ್ಟಿಗೆಯ ಎದುರು ಅದರಲ್ಲಿ ಬರುವುದು ಊರೋ, ವ್ಯಕ್ತಿಯೋ, ವಸ್ತುವೋ ಎಂದು ಬರೆದು ಕೊಡಿ. ಊರಾದರೆ ನಾಲ್ಕನೆಯ ಮತ್ತು ಏಳನೆಯ ವಿಭಕ್ತಿಯ ರೂಪಗಳನ್ನು ಬೇರೆ ಕಾಲಮ್ಮಿನಲ್ಲಿ ನಾನೇ ತುಂಬಿಕೊಡುತ್ತೇನೆ, ನಿಮ್ಮ ಸ್ಕ್ರಿಪ್ಟು ಅದನ್ನು ಮುಟ್ಟದೆ ದಾಟಿಸಿದರೆ ಸಾಕು. ಕೆಲವರು ನಕ್ಕು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಇಬ್ಬರು ಗ್ರಾಹಕರು ಮಾತ್ರ ಒಪ್ಪಿದ್ದಾರೆ. ಅವರಲ್ಲಿ ಒಬ್ಬರ ಆಪಿನಲ್ಲಿ ಈಗ ಬಸ್ಸು ಸೊಲ್ಲಾಪುರಕ್ಕೆ ಹೋಗುತ್ತದೆ.